ಕುದಿ ಬಂದ ಮೇಲೂ ದೊಡ್ಡ ಉರಿ ಯಾಕೆ?

ಹಾಸ್ಟೆಲ್ ಬಿಟ್ಟು ನಾಲ್ಕು ಜನ ಸೇರಿ ರೂಮ್ ಮಾಡಿದವರಿಗೆಲ್ಲ ಇದು ಗೊತ್ತಿರೋ ವಿಷಯ. ಬಾಡಿಗೆ ಮೊದಲೇ ಮಾತಾಗಿರುತ್ತೆ, ಅದರಲ್ಲಿ ಜಗಳ ಇಲ್ಲ. ದಿನಸಿ ಲೆಕ್ಕ ಹೆಂಗೋ ಸರಿಹೋಗುತ್ತೆ. ಜಗಳ ಬರೋದು ಗ್ಯಾಸ್ ಖಾಲಿಯಾದಾಗ. ‘ಮೊನ್ನೆ ತಾನೇ ಹಾಕಿದ್ದು, ಇಷ್ಟು ಬೇಗ ಹೆಂಗೆ ಮುಗೀತು?’ ಅಂತ ಒಬ್ಬ. ‘ಇಂಡಕ್ಷನ್ ತಗೊಂಡ್ಬಿಡೋಣ ಮಗಾ’ ಅಂತ ಇನ್ನೊಬ್ಬ. ಊರಿಗೆ ಫೋನ್ ಮಾಡಿದ್ರೆ ಅಲ್ಲೂ ಇದೇ ಮಾತು. ಅಮ್ಮ ಸಿಲಿಂಡರ್ ರೇಟು ಹೇಳ್ತಾರೆ, ಅಪ್ಪ ಕರೆಂಟ್ ಬಿಲ್ ಹೇಳ್ತಾರೆ.

ಈ ಮಾತುಕತೆ ಯಾವಾಗಲೂ ‘ಯಾವ ಒಲೆ ತಗೋಬೇಕು’ ಅನ್ನೋದರಲ್ಲೇ ಮುಗಿಯುತ್ತೆ ಅನ್ನೋದು ನಮ್ಮ ತಕರಾರು. ಒಲೆ ಬದಲಾಯಿಸಿ ಉಳಿಸೋದಕ್ಕಿಂತ ಇರೋ ಒಲೆಯ ಉರಿ ಸರಿಯಾದ ಹೊತ್ತಿಗೆ ಇಳಿಸಿ ಉಳಿಸೋದು ಜಾಸ್ತಿ. ಅದಕ್ಕೆ ದುಡ್ಡು ಬೇಡ, ಗಮನ ಬೇಕು. ಆದರೆ ಆ ಗಮನ ಯಾರು ಕೊಡಬೇಕು ಅನ್ನೋದೇ ನಿಜವಾದ ಪ್ರಶ್ನೆ. ಅಲ್ಲಿಗೆ ಬರೋ ಮುಂಚೆ ಸ್ವಲ್ಪ ಲೆಕ್ಕ ಮಾಡೋಣ. ಲೆಕ್ಕಕ್ಕೆ ಹೆದರೋ ಜನ ಅಲ್ವಲ್ಲ ನಾವು.

ಮನೆ ಸಿಲಿಂಡರ್‌ನಲ್ಲಿ 14.2 ಕೆಜಿ ಗ್ಯಾಸ್ ಇರುತ್ತೆ. ಒಂದು ಕೆಜಿ ಎಲ್‌ಪಿಜಿ ಉರಿದರೆ ಸುಮಾರು 46 ಮೆಗಾಜೌಲ್ ಶಾಖ. ಗುಣಿಸಿದ್ರೆ ಒಟ್ಟು 650 ಮೆಗಾಜೌಲ್, ಅಂದ್ರೆ ಕರೆಂಟ್ ಭಾಷೆಯಲ್ಲಿ ಸುಮಾರು 180 ಯೂನಿಟ್. ನಮ್ಮ ಒಲೆಗಳ ದೊಡ್ಡ ಬರ್ನರ್ ಪೂರ್ತಿ ತಿರುಗಿಸಿದಾಗ ಹೆಚ್ಚು ಕಡಿಮೆ 2 ಕಿಲೋವ್ಯಾಟ್ ಅಂತ ಇಟ್ಕೊಳ್ಳಿ. ಹಾಗಾದ್ರೆ ಒಂದು ಸಿಲಿಂಡರ್ ಅಂದ್ರೆ ದೊಡ್ಡ ಉರಿಯ 90 ಗಂಟೆ. ಸಿಲಿಂಡರ್ ಬೆಲೆ 850 ರೂಪಾಯಿ ಅಂತ ಹಿಡಿದ್ರೆ ಗಂಟೆಗೆ ಒಂಬತ್ತೂವರೆ ರೂಪಾಯಿ. ಈ 90 ಗಂಟೆ ಅನ್ನೋ ಸಂಖ್ಯೆ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಪಾತ್ರೆಯ ಒಳಗೆ ಏನಾಗುತ್ತೆ ನೋಡೋಣ. ಒಂದು ಲೀಟರ್ ನೀರನ್ನ 25 ಡಿಗ್ರಿಯಿಂದ 100 ಡಿಗ್ರಿಗೆ ತರೋಕೆ ಬೇಕಾಗೋದು ಸುಮಾರು 314 ಕಿಲೋಜೌಲ್. ಅದೇ ಒಂದು ಲೀಟರ್ ನೀರನ್ನ ಪೂರ್ತಿ ಆವಿ ಮಾಡೋಕೆ ಬೇಕಾಗೋದು ಸುಮಾರು 2257 ಕಿಲೋಜೌಲ್. ಏಳು ಪಟ್ಟು! ಗುಪ್ತೋಷ್ಣ, ಅಂದ್ರೆ ನಮ್ಮ ಲೇಟೆಂಟ್ ಹೀಟ್. ಪಿಯುಸಿಯಲ್ಲಿ ಓದಿದ್ದು, ಇಂಟರ್ನಲ್ಸ್‌ಗೆ ಬರೆದಿದ್ದು, ಅಡುಗೆಮನೆಗೆ ಮಾತ್ರ ಯಾರೂ ತಂದಿಲ್ಲ. ನೀರು ಕುದಿಯೋಕೆ ಶುರುವಾದ ಮೇಲೆ ಎಷ್ಟೇ ಉರಿ ಕೊಟ್ಟರೂ ಅದರ ತಾಪಮಾನ ಒಂದು ಡಿಗ್ರಿನೂ ಏರಲ್ಲ. ಬೆಂಗಳೂರಿನ ಎತ್ತರದಲ್ಲಂತೂ 97ರ ಹತ್ತಿರವೇ ಕುದಿದು ಅಲ್ಲೇ ನಿಂತುಬಿಡುತ್ತೆ. ಹೆಚ್ಚಿಗೆ ಕೊಟ್ಟ ಉರಿಯೆಲ್ಲ ಆವಿಯಾಗಿ ಕಿಟಕಿಯಿಂದ ಆಚೆ ಹೋಗುತ್ತೆ, ಇಲ್ಲಾ ಅಡುಗೆಮನೆ ಗೋಡೆ ಬೆವರಿಸುತ್ತೆ.

‘ಸಿಮ್‌ನಲ್ಲಿಟ್ರೆ ಬೇಯೋದು ಲೇಟಾಗುತ್ತೆ’ ಅನ್ನೋ ಮಾತು ಎಲ್ಲರ ಬಾಯಲ್ಲೂ ಬರುತ್ತೆ. ಕುದಿ ಬರೋ ಮುಂಚೆ ಅದು ನಿಜ. ಕುದಿ ಬಂದ ಮೇಲೆ ನಿಜ ಅಲ್ಲ. ಆಲೂಗಡ್ಡೆಗೆ ಗೊತ್ತಾಗೋದು ನೀರಿನ ತಾಪಮಾನ ಮಾತ್ರ. ಕೊತಕೊತ ಕುದಿಯೋ ನೀರೂ ಅಷ್ಟೇ ಬಿಸಿ, ಸಣ್ಣಗೆ ಗುಳುಗುಳು ಅನ್ನೋ ನೀರೂ ಅಷ್ಟೇ ಬಿಸಿ. ಎರಡರಲ್ಲೂ ಬೇಯೋಕೆ ಹಿಡಿಯೋ ಹೊತ್ತು ಒಂದೇ.

ದೊಡ್ಡ ಉರಿಯಲ್ಲಿ ಮುಚ್ಚಳ ಇಲ್ಲದೆ ಕುದಿಸಿದ್ರೆ ನಿಮಿಷಕ್ಕೆ ಸುಮಾರು 30 ಗ್ರಾಂ ನೀರು ಆವಿಯಾಗುತ್ತೆ ಅಂತ ಮೇಲಿನ ಲೆಕ್ಕದಿಂದಲೇ ತೆಗೀಬಹುದು. ಹತ್ತು ನಿಮಿಷಕ್ಕೆ ಒಂದು ದೊಡ್ಡ ಲೋಟ ನೀರು. ಸಾರು ಬತ್ತಿಹೋಯ್ತು ಅಂತ ಮತ್ತೆ ಒಂದು ಲೋಟ ತಣ್ಣೀರು ಸುರೀತೀವಲ್ಲ, ಅದೇ ಈ ಲೆಕ್ಕಕ್ಕೆ ಪ್ರಾಕ್ಟಿಕಲ್. ಆವಿಗೂ ಗ್ಯಾಸ್ ಕೊಟ್ಟಾಯ್ತು, ಹೊಸ ನೀರು ಕಾಯಿಸೋಕೂ ಗ್ಯಾಸ್ ಕೊಡಬೇಕಾಯ್ತು.

ಇದರಲ್ಲಿ ಎಷ್ಟು ದುಡ್ಡಿದೆ? ಒಂದು ಮನೆಯಲ್ಲಿ ಹೊತ್ತಿಗೆ ಹತ್ತು ನಿಮಿಷದ ಹಾಗೆ ದಿನಕ್ಕೆ ಅರ್ಧ ಗಂಟೆ, ಕುದಿ ಬಂದ ಮೇಲೂ ದೊಡ್ಡ ಉರಿ ಹಾಗೇ ಇರುತ್ತೆ ಅಂತ ಇಟ್ಕೊಳ್ಳಿ. ತಿಂಗಳಿಗೆ 15 ಗಂಟೆ, ವರ್ಷಕ್ಕೆ 180 ಗಂಟೆ. ಸಿಲಿಂಡರ್‌ಗೆ 90 ಗಂಟೆ ಅಂದ್ವಲ್ಲ, ಅಲ್ಲಿಗೆ ವರ್ಷಕ್ಕೆ ಎರಡು ಸಿಲಿಂಡರ್. ಸಿಮ್‌ಗೂ ಗ್ಯಾಸ್ ಬೇಕು, ದೊಡ್ಡ ಉರಿಯ ಕಾಲು ಭಾಗ ಅಂತ ಕಳೆದ್ರೂ ಒಂದೂವರೆ ಸಿಲಿಂಡರ್ ಉಳಿಯುತ್ತೆ. ಯಾವ ಹೊಸ ಸಾಮಾನೂ ಕೊಳ್ಳದೆ, ಊಟದಲ್ಲಿ ಒಂದು ತುತ್ತೂ ಕಡಿಮೆ ಮಾಡದೆ, ಬರೀ ನಾಬ್ ತಿರುಗಿಸಿ.

ಹಾಗಂತ ಎಲ್ಲಾ ಅಡುಗೆಗೂ ಮುಚ್ಚಳ ಹಾಕಿ ಅಂತ ಹೇಳ್ತಿಲ್ಲ. ಬೆಲ್ಲದ ಪಾಕ ಬರಬೇಕಾದ್ರೆ, ಬಾಸುಂದಿ ಗಟ್ಟಿಯಾಗಬೇಕಾದ್ರೆ, ಗೊಜ್ಜು ಇಂಗಬೇಕಾದ್ರೆ ನೀರು ಹೋಗಲೇಬೇಕು. ಅಲ್ಲಿ ಆವಿ ಮಾಡೋದೇ ಕೆಲಸ. ಬೇಳೆ, ಅನ್ನ, ತರಕಾರಿ, ಕಾಳು ಬೇಯೋವಾಗ ಆವಿಯಿಂದ ನಮಗೇನೂ ಲಾಭ ಇಲ್ಲ. ಈ ವ್ಯತ್ಯಾಸ ತಿಳಿದ್ರೆ ಸಾಕು. ರಾಗಿಮುದ್ದೆ ಮಾಡೋರನ್ನ ಗಮನಿಸಿ: ಎಸರು ಕುದಿಯೋವರೆಗೆ ದೊಡ್ಡ ಉರಿ, ಹಿಟ್ಟು ಹಾಕಿದ ಮೇಲೆ ಮುಚ್ಚಿ ಸಣ್ಣ ಉರಿ, ಆಮೇಲೆ ಕೋಲು. ಈ ಪಾಠ ಸಿಲಬಸ್ ಬರೋ ಮುಂಚಿಂದಲೂ ಅಡುಗೆಮನೆಯಲ್ಲಿದೆ.

ಕುಕ್ಕರ್ ವಿಷಯಕ್ಕೆ ಬರೋಣ. ಒಳಗೆ ಒತ್ತಡ ಏರಿದಾಗ ನೀರು ಸುಮಾರು 120 ಡಿಗ್ರಿವರೆಗೆ ಹೋಗುತ್ತೆ, ಅದಕ್ಕೇ ಬೇಗ ಬೇಯೋದು. ವಿಶಲ್ ಅಂದ್ರೆ ಏನು? ಒತ್ತಡ ಜಾಸ್ತಿಯಾಯ್ತು, ಉರಿ ಸಾಕು ಅಂತ ಕುಕ್ಕರ್ ಕೂಗಿ ಹೇಳ್ತಿರೋದು. ನಾವು ಅದನ್ನೇ ಅಳತೆ ಮಾಡ್ಕೊಂಡು ‘ಐದು ವಿಶಲ್ ಕೂಗಿಸು’ ಅಂತೀವಿ. ಮೊದಲ ವಿಶಲ್ ಬಂದ ತಕ್ಷಣ ಸಿಮ್‌ಗೆ ಇಳಿಸಿ ನಿಮಿಷದ ಲೆಕ್ಕದಲ್ಲಿ ಬೇಯಿಸಿದ್ರೆ ಒಳಗಿನ ಬಿಸಿ ಹೆಚ್ಚು ಕಡಿಮೆ ಅಷ್ಟೇ ಇರುತ್ತೆ, ಆವಿ ಮಾತ್ರ ಉಳಿಯುತ್ತೆ. ಆರಿಸಿದ ಮೇಲೆ ವೆಯ್ಟ್ ಎತ್ತಿ ಬುಸ್ ಅಂತ ಬಿಡಬೇಡಿ. ತಾನಾಗೇ ಇಳಿಯೋವರೆಗೂ ಒಳಗೆ ಬೇಯ್ತಾನೇ ಇರುತ್ತೆ, ಅದು ಪುಕ್ಕಟೆ ಅಡುಗೆ. ಕೆಳಗೆ ಬೇಳೆ, ಮೇಲಿನ ಡಬ್ಬಿಯಲ್ಲಿ ಅನ್ನ, ಅದರ ಮೇಲೆ ತರಕಾರಿ ಇಟ್ಟರೆ ಒಂದೇ ಉರಿಗೆ ಮೂರು ಕೆಲಸ. ಹುರುಳಿ, ಕಡಲೆ, ಒಣ ಅವರೆ ರಾತ್ರಿಯೇ ನೆನೆಹಾಕಿದ್ರೆ ಬೆಳಗ್ಗೆ ಬೇಯೋ ಹೊತ್ತು ಎದ್ದು ಕಾಣೋ ಹಾಗೆ ಕಡಿಮೆಯಾಗುತ್ತೆ.

ಇನ್ನು ಕೆಲವು ಸಣ್ಣ ವಿಷಯ. ಪಾತ್ರೆ ತಳ ದಾಟಿ ಪಕ್ಕಕ್ಕೆ ನಾಲಿಗೆ ಚಾಚೋ ಉರಿ ಗಾಳಿ ಕಾಯಿಸೋಕೆ ಅಷ್ಟೇ, ಸಣ್ಣ ಪಾತ್ರೆಗೆ ಸಣ್ಣ ಬರ್ನರ್ ಸಾಕು. ಉರಿ ಹಳದಿಯಾಗಿ ಪಾತ್ರೆ ತಳಕ್ಕೆ ಮಸಿ ಹಿಡಿಯುತ್ತಿದ್ರೆ ಗ್ಯಾಸ್ ಪೂರ್ತಿ ಉರೀತಿಲ್ಲ ಅಂತ ಅರ್ಥ. ಬರ್ನರ್ ತೂತು ಕ್ಲೀನ್ ಮಾಡಿ. ಇಡ್ಲಿ ಪಾತ್ರೆಗೆ ಹಬೆ ಬರೋಷ್ಟು ನೀರಿದ್ರೆ ಸಾಕು, ಅರ್ಧ ಪಾತ್ರೆ ತುಂಬಿಸಬೇಕಾಗಿಲ್ಲ.

ಇಂಡಕ್ಷನ್ ಗುಂಪಿನವರು ಇಷ್ಟೊತ್ತಿಗೆ ಕೈ ಎತ್ತಿರ್ತಾರೆ. ಅವರಿಗೂ ಒಂದು ಸೂತ್ರ ಇದೆ. ಐಎಸ್‌ಐ ಗುರುತಿನ ಮನೆ ಗ್ಯಾಸ್ ಒಲೆಗೆ ಕನಿಷ್ಠ 68% ದಕ್ಷತೆ ಇರಬೇಕು ಅಂತ ನಿಯಮ. ಇಂಡಕ್ಷನ್ ದಕ್ಷತೆ 85% ಅಂತ ಹಿಡಿಯೋಣ. ಒಂದು ಸಿಲಿಂಡರ್‌ನ 180 ಯೂನಿಟ್‌ನಲ್ಲಿ ಪಾತ್ರೆಗೆ ತಲುಪೋದು 122 ಯೂನಿಟ್. ಅಷ್ಟೇ ಕೆಲಸ ಇಂಡಕ್ಷನ್‌ನಲ್ಲಿ ಆಗೋಕೆ 144 ಯೂನಿಟ್ ಕರೆಂಟ್ ಬೇಕು. ಅಂದ್ರೆ ಒಂದು ಕೆಜಿ ಗ್ಯಾಸ್ ಮಾಡೋ ಕೆಲಸಕ್ಕೆ ಸುಮಾರು 10 ಯೂನಿಟ್. ಹಾಗಾಗಿ ಗ್ಯಾಸಿನ ಕೆಜಿ ಬೆಲೆಯನ್ನ 10ರಿಂದ ಭಾಗಿಸಿ. ನಿಮ್ಮ ಕರೆಂಟಿನ ಯೂನಿಟ್ ದರ ಅದಕ್ಕಿಂತ ಕಡಿಮೆಯಿದ್ರೆ ಇಂಡಕ್ಷನ್ ಲಾಭ, ಜಾಸ್ತಿಯಿದ್ರೆ ಗ್ಯಾಸ್ ಲಾಭ.

850 ರೂಪಾಯಿ ಸಿಲಿಂಡರ್‌ನಲ್ಲಿ ಕೆಜಿಗೆ 60 ರೂಪಾಯಿ ಬೀಳುತ್ತೆ, ಅಂದ್ರೆ ಯೂನಿಟ್‌ಗೆ 6 ರೂಪಾಯಿ ಗಡಿ. ನಮ್ಮಲ್ಲಿ ಮನೆ ಕರೆಂಟೂ ಅದರ ಆಸುಪಾಸಿನಲ್ಲೇ ಇದೆ, ತೆರಿಗೆ ಸೇರಿದ್ರೆ ಇನ್ನೂ ಸ್ವಲ್ಪ ಮೇಲೆ. ಹಾಗಾಗಿ ಮನೆಯವರಿಗೆ ದೊಡ್ಡ ವ್ಯತ್ಯಾಸ ಏನೂ ಇಲ್ಲ. ರೂಮ್‌ನಲ್ಲಿರೋರಿಗೆ ಲೆಕ್ಕ ಬೇರೆ. ಕೆಲವು ಕಡೆ ಓನರ್ ಸಬ್‌ಮೀಟರ್ ಹಾಕಿ ಯೂನಿಟ್‌ಗೆ ತಮ್ಮದೇ ದರ ಹಾಕ್ತಾರೆ. ಅಲ್ಲಿ ಇಂಡಕ್ಷನ್ ಸೋಲುತ್ತೆ. ಕೆಲವರು ಅಂಗಡಿಯಲ್ಲಿ ಸಣ್ಣ ಸಿಲಿಂಡರ್‌ಗೆ ಕೆಜಿ ಲೆಕ್ಕದಲ್ಲಿ ಗ್ಯಾಸ್ ತುಂಬಿಸ್ಕೊಂಡು ಬರ್ತಾರೆ. ಕೆಜಿಗೆ 120 ಕೊಟ್ಟರೆ ಗಡಿ 12 ರೂಪಾಯಿಗೆ ಹೋಯ್ತು, ಅಲ್ಲಿ ಇಂಡಕ್ಷನ್ನೇ ಗೆಲ್ಲೋದು. ದುಡ್ಡಿನ ಮಾತು ಬಿಡಿ, ಹಾಗೆ ತುಂಬಿಸೋದು ಕಾನೂನುಬಾಹಿರ, ಜೀವಕ್ಕೂ ಅಪಾಯ. ಕಂಪನಿಗಳೇ ಮಾರೋ 5 ಕೆಜಿ ಸಿಲಿಂಡರ್‌ಗೆ ವಿಳಾಸದ ದಾಖಲೆ ಬೇಡ, ಗುರುತಿನ ಚೀಟಿ ಸಾಕು. ರೂಮ್‌ನವರಿಗೆ ಅದು ದಾರಿ.

ಇಂಡಕ್ಷನ್ ತರೋರು ಸಾಕೆಟ್ ಒಮ್ಮೆ ನೋಡಿ. 6 ಆಂಪಿಯರ್ ಸಾಕೆಟ್ 230 ವೋಲ್ಟ್‌ನಲ್ಲಿ ತಡೆಯೋದು 1380 ವ್ಯಾಟ್. ಒಲೆಯ ಮೇಲೆ ಬರೆದಿರೋದು 1800, 2000. ಫೋನ್ ಚಾರ್ಜರ್ ಸಿಕ್ಕಿಸೋ ಜಾಗಕ್ಕೆ ಅಡಾಪ್ಟರ್ ಹಾಕಿ ಅದನ್ನ ಓಡಿಸಬಾರದು, 16 ಆಂಪಿಯರ್ ಸಾಕೆಟ್ಟೇ ಬೇಕು. ಹಳೇ ಕಟ್ಟಡದ ವೈರಿಂಗ್ ಬಿಸಿಯಾದ್ರೆ ಉಳಿದ ನೂರು ರೂಪಾಯಿ ಯಾವ ಲೆಕ್ಕಕ್ಕೂ ಬರಲ್ಲ.

ಊರಿನ ಮನೆಗೆ ಇಂಡಕ್ಷನ್ ಗಿಫ್ಟ್ ಕೊಡೋ ಆಸೆ ಇರೋರಿಗೆ ಇನ್ನೊಂದು ಮಾತು. 2023ರಲ್ಲಿ ಶುರುವಾದ ಗೃಹಜ್ಯೋತಿಯಲ್ಲಿ ಪ್ರತಿ ಮನೆಗೂ ಅದರ ಹಿಂದಿನ ಬಳಕೆ ನೋಡಿ ಉಚಿತ ಯೂನಿಟ್ ಗೊತ್ತು ಮಾಡಿದ್ದಾರೆ. ಅದನ್ನ ಮೀರಿದ್ರೆ ಮೀರಿದ್ದಕ್ಕೆ ದುಡ್ಡು, ತಿಂಗಳಿಗೆ 200 ಯೂನಿಟ್ ದಾಟಿದ್ರೆ ಪೂರ್ತಿ ಬಿಲ್ ಕಟ್ಟಬೇಕು. ಎರಡು ತಿಂಗಳು ಬರೋ ಸಿಲಿಂಡರ್‌ನ ಅಡುಗೆಯನ್ನೆಲ್ಲ ಇಂಡಕ್ಷನ್‌ಗೆ ಹಾಕಿದ್ರೆ ತಿಂಗಳಿಗೆ 72 ಯೂನಿಟ್ ಸೇರುತ್ತೆ. ಈಗ 140 ಯೂನಿಟ್ ಉರಿಸೋ ಮನೆ 212ಕ್ಕೆ ಹೋಯ್ತು. ಗ್ಯಾಸ್ ಉಳಿಸೋಕೆ ಹೋಗಿ ಸೊನ್ನೆ ಬಿಲ್ ಕಳ್ಕೊಂಡ ಹಾಗೆ. ಆದ್ದರಿಂದ ಮೊದಲು ಮನೆಯ ಕರೆಂಟ್ ಬಿಲ್ ಕೈಗೆ ತಗೊಳ್ಳಿ, ಆಮೇಲೆ ಆನ್‌ಲೈನ್ ಆಫರ್ ನೋಡಿ.

ಲೆಕ್ಕ ಇಷ್ಟೇ. ಇನ್ನು ಮೊದಲೇ ಹೇಳಿದ ಪ್ರಶ್ನೆಗೆ ಬರೋಣ.

ಗ್ಯಾಸ್ ಉಳಿಸೋ ಟಿಪ್ಸ್ ಎಲ್ಲೇ ಓದಿದ್ರೂ ‘ಗೃಹಿಣಿಯರೇ’ ಅಂತ ಶುರುವಾಗುತ್ತೆ. ಮುಚ್ಚಳ ಹಾಕಿ, ಸಿಮ್ ಮಾಡಿ, ನೆನೆಹಾಕಿ, ಬರ್ನರ್ ತೊಳೀರಿ. ಒಂದೊಂದೂ ಸರಿ. ಆದರೆ ಪ್ರತಿಯೊಂದಕ್ಕೂ ಯಾರೋ ಒಬ್ಬರು ಒಲೆ ಹತ್ತಿರ ಇರಬೇಕು, ನೆನಪಿಟ್ಕೋಬೇಕು. ದುಡ್ಡು ಖರ್ಚಿಲ್ಲ ಅಂತೀವಲ್ಲ, ಆ ಖರ್ಚು ಅಮ್ಮನ ಹೊತ್ತಿನಿಂದ ಹೋಗ್ತಿರುತ್ತೆ. ಆ ಖರ್ಚಿಗೆ ಬಿಲ್ ಬರಲ್ಲ, ಅದಕ್ಕೇ ಕಾಣಲ್ಲ.

ವಿಶಲ್ ಲೆಕ್ಕವನ್ನೇ ಇನ್ನೊಮ್ಮೆ ನೋಡಿ. ಅದು ವಿಜ್ಞಾನ ಗೊತ್ತಿಲ್ಲದವರ ಪದ್ಧತಿ ಅಂತ ನಗೋದು ಸುಲಭ. ಅಮ್ಮ ಹಿತ್ತಲಲ್ಲಿ ಬಟ್ಟೆ ಒಗೀತಿರ್ತಾರೆ, ತಂಗಿಗೆ ಜಡೆ ಹಾಕ್ತಿರ್ತಾರೆ, ಅಪ್ಪನ ಡಬ್ಬಿ ಕಟ್ತಿರ್ತಾರೆ. ಅಲ್ಲಿಂದಲೇ ಕಿವಿಗೆ ಕೇಳೋ ಗಡಿಯಾರ ಆ ವಿಶಲ್. ಒಬ್ಬರೇ ನಾಲ್ಕು ಕೆಲಸ ಮಾಡುವಾಗ ಬೇಕಾಗೋ ಸಿಗ್ನಲ್ ಅದು. ಗ್ಯಾಸ್ ಸ್ವಲ್ಪ ಹೋದರೂ ಹೊತ್ತು ಉಳಿಯುತ್ತೆ. ತಮ್ಮ ಕಡೆಯಿಂದ ಅವರ ಲೆಕ್ಕ ಸರಿಯಾಗೇ ಇದೆ. ಆ ಲೆಕ್ಕ ಬದಲಾಗಬೇಕಾದ್ರೆ ಮೊದಲ ವಿಶಲ್‌ಗೆ ಎದ್ದುಹೋಗಿ ಸಿಮ್ ಮಾಡೋಕೆ ಮನೆಯಲ್ಲಿ ಇನ್ನೊಬ್ಬರು ಬೇಕು. ಸೋಫಾ ಮೇಲೆ ರೀಲ್ಸ್ ನೋಡ್ತಾ ಕೂತಿರೋರ ಫೋನ್‌ನಲ್ಲೇ ಟೈಮರ್ ಇರುತ್ತೆ.

ಇದು ನಮ್ಮ ಓದಿಗೂ ಸಂಬಂಧಪಟ್ಟ ವಿಷಯ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ‘ಅಸ್ತ್ರ’ ಅನ್ನೋ ಕೇಂದ್ರ ಶುರುವಾಯ್ತು. ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ಮಾಡೋದು ಅದರ ಕೆಲಸ. ಕುಣಿಗಲ್ ತಾಲ್ಲೂಕಿನ ಉಂಗ್ರದ ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಶಕ್ತಿ ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ ಅಂತ ಲೆಕ್ಕ ಹಾಕಿದ್ರು. ಬಹುಪಾಲು ಹೋಗ್ತಿದ್ದದ್ದು ಅಡುಗೆಗೆ, ಅದೂ ಸೌದೆಯಿಂದ. ಆ ಸೌದೆ ಆಯ್ದು ತರೋ ಹೊತ್ತನ್ನೂ ಅವರು ಲೆಕ್ಕಕ್ಕೆ ಸೇರಿಸಿದ್ರು. ಆ ಹೊತ್ತು ಹೆಚ್ಚಾಗಿ ಹೆಂಗಸರದ್ದು, ಮಕ್ಕಳದ್ದು. ಮುಂದೆ ಅಲ್ಲಿಂದಲೇ ಬಂದದ್ದು ಅಸ್ತ್ರ ಒಲೆ: ಒಂದೇ ಉರಿಗೆ ಮೂರು ಪಾತ್ರೆ, ಹೊಗೆ ಆಚೆ ಹೋಗೋಕೆ ಕೊಳವೆ. ಒಲೆ ಮುಂದೆ ಕೂತು ಕಣ್ಣು ಉಜ್ಜಿಕೊಳ್ಳೋರು ಯಾರು ಅಂತ ನೋಡಿ ಮಾಡಿದ ಇಂಜಿನಿಯರಿಂಗ್ ಅದು.

ನಮ್ಮ ಕಾಲೇಜುಗಳ ಪ್ರಾಜೆಕ್ಟ್ ಪಟ್ಟಿಯಲ್ಲಿ ಸ್ಮಾರ್ಟ್ ಕಿಚನ್ ಪ್ರತಿ ವರ್ಷ ಬರುತ್ತೆ. ಸೆನ್ಸರ್, ಆಪ್, ಡ್ಯಾಶ್‌ಬೋರ್ಡ್ ಎಲ್ಲಾ ಇರುತ್ತೆ. ಮಾಡೋದು ತಪ್ಪಲ್ಲ. ಆದರೆ ಬೇಳೆ ಎಷ್ಟು ನಿಮಿಷಕ್ಕೆ ಬೇಯುತ್ತೆ ಅಂತ ಗೊತ್ತಿಲ್ಲದೆ ಮಾಡಿದ ಸ್ಮಾರ್ಟ್ ಕಿಚನ್ ವೈವಾ ಮುಗಿದ ದಿನವೇ ಮುಗಿಯುತ್ತೆ. ನಮ್ಮ ಅಮ್ಮಂದಿರ ಡೇಟಾ ಲಾಗಿಂಗ್ ಇದಕ್ಕಿಂತ ಗಟ್ಟಿ. ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಸಿಲಿಂಡರ್ ಹಾಕಿದ ತಾರೀಖು ಬರೆದಿಟ್ಟಿರ್ತಾರೆ, ಎಷ್ಟೋ ವರ್ಷದಿಂದ, ತಪ್ಪದೆ.

ಹಾಗಾಗಿ ನಮ್ಮ ಸಲಹೆ ಸರಳವಾಗಿದೆ. ರೂಮ್‌ನಲ್ಲಿರೋರು ಇವತ್ತೇ ಸಿಲಿಂಡರ್ ತೂಕ ಮಾಡಿ. ಖಾಲಿ ಸಿಲಿಂಡರ್‌ನ ತೂಕ ಅದರ ಮೇಲೇ ಬರೆದಿರುತ್ತೆ, ಅದನ್ನ ಕಳೆದ್ರೆ ಉಳಿದ ಗ್ಯಾಸ್. ಒಂದು ವಾರ ಈಗಿನ ಹಾಗೇ ಅಡುಗೆ ಮಾಡಿ, ಇನ್ನೊಂದು ವಾರ ಅದೇ ಅಡುಗೆಯನ್ನ ಮುಚ್ಚಳ, ಸಿಮ್, ಟೈಮರ್ ಇಟ್ಟು ಮಾಡಿ. ಎರಡು ವಾರದ ತೂಕ ಗೋಡೆ ಮೇಲೆ ಬರೀರಿ. ಯಾರು ಜಾಸ್ತಿ ಗ್ಯಾಸ್ ಸುಟ್ಟಿದ್ದು ಅನ್ನೋ ಜಗಳ ಅಲ್ಲಿಗೆ ನಿಲ್ಲುತ್ತೆ, ಇಲ್ಲಾ ಸರಿಯಾದ ಕಾರಣಕ್ಕೆ ಶುರುವಾಗುತ್ತೆ.

ಊರಿಗೆ ಹೋಗೋರಿಗೆ ಕೆಲಸ ಸ್ವಲ್ಪ ಜಾಸ್ತಿ. ಈ ಲೇಖನ ಅಮ್ಮನಿಗೆ ವಾಟ್ಸಾಪ್ ಮಾಡಿ ‘ನೋಡಮ್ಮಾ, ಹಿಂಗೆ ಮಾಡು’ ಅನ್ನಬೇಡಿ. ಗುಪ್ತೋಷ್ಣದ ಪಾಠವೂ ಬೇಡ. ರಜೆಯಲ್ಲಿ ಒಂದು ವಾರ ಬೆಳಗಿನ ಒಲೆ ನೀವೇ ವಹಿಸ್ಕೊಳ್ಳಿ, ಹುಡುಗರೂ ಸೇರಿ. ರಾತ್ರಿ ಕಾಳು ನೆನೆಹಾಕಿ, ಕುಕ್ಕರ್ ಇಡಿ, ಮೊದಲ ವಿಶಲ್‌ಗೆ ಎದ್ದು ಸಿಮ್ ಮಾಡಿ. ಆ ಒಂದು ವಾರದಲ್ಲಿ ಗ್ಯಾಸ್ ಎಷ್ಟು ಉಳೀತು ಅನ್ನೋದು ತೂಕದಿಂದ ಗೊತ್ತಾಗುತ್ತೆ. ಅಮ್ಮನ ಹೊತ್ತು ಎಷ್ಟು ಉಳೀತು ಅಂತ ಅವರನ್ನೇ ಕೇಳಿ.